ಬಾವಿಯಲ್ಲಿ ಉಳಿದ ಕೊರವ

ಎಂಬತ್ತಾರನೇ ಇಸವಿಯ ಒಂದು ಬೆಳಿಗ್ಗೆ, ಸುಂಕದಕಟ್ಟೆ ಬಸ್‌ಸ್ಟಾಪು. ಒದ್ದೆ ಬುಟ್ಟಿ ಹಿಡಿದ ಮುದುಕಿಯೊಬ್ಬರನ್ನು ಅವರ ಊರಿನವರೊಬ್ಬರು ಮಾತಾಡಿಸಿದರು.

“ಏನ್ ಪಟಾಲಮ್ಮ, ಜಿಲೇಬಿ ಮೀನಾ?”

“ತೆಗೆದು ನೋಡಣ್ಣ.”

“ಅಯ್ಯೋ, ಕೊರವ ಮೀನು! ಕೆರೆ ಗುತ್ತಿಗೆ ಹಿಡಿದ ಕಂಟ್ರಾಕ್ಟರ್ ಸಾಕೋಕೆ ಅಂತ ಜಿಲೇಬಿ ಬಿಟ್ಮೇಲೆ ನಮ್ ಕೆರೇಲಿ ಕೊರವ ಒಂದೂ ಉಳೀಲಿಲ್ವಲ್ಲ?”

“ನೀರು ಚೊಕ್ಕಟವಾಗಿರ್ಲಿ ಅಂತ ನಮ್ಮತ್ತೆ ಬಾವಿಗೆ ಬಿಟ್ಟಿದ್ವು ಉಳಿದಿದ್ವು. ಅವುಗಳ ಮರಿ ಬಿಂದಿಗೇಲಿ ಹೊತ್ತು ಕೆರೆಗೆ ಬಿಟ್ಟೆ.”

“ಮರಿ ತಿನ್ನೋ ಜಿಲೇಬಿ ಅವನ್ನ ಬದುಕೋಕೆ ಬಿಡ್ತಾ?”

“ಗೇಣುದ್ದ ಆದ್ಮೇಲೆ ಬಿಟ್ಟೆ. ಈಗ ಇವೇ ಜಿಲೇಬಿ ಮರಿ ನುಂಗ್ತವೆ ಕಣಣ್ಣ!”

“ಕಂಟ್ರಾಕ್ಟರ್ ಸುಮ್ನಿದಾನಾ?”

“ಅವನ ಮನೆಗೇ ಹೊರಟಿರೋದು! ಜ್ವರದಲ್ಲಿ ಮಲಗಿ ಎದ್ದವ್ನೆ. ತ್ರಾಣ ಬರೋಕೆ ಕೊರವನ ಸಾರೇ ಬೇಕಂತೆ.”

ಬಸ್ಸು ಬಂತು. ಬುಟ್ಟಿ ಸಮೇತ ಹತ್ತಿದರು. “ರೈಟ್!” ಎಂದು ಕೂಗಿದ್ದು ಕಂಡಕ್ಟರಲ್ಲ, ಪಟಾಲಮ್ಮ.