ಹೋಲಿಕೆಯ ಸಾಲು

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಹಸಿರುಮನೆಯ ಸಹೋದ್ಯೋಗಿಗಳೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ,

ಹನ್ನೊಂದು ವರ್ಷ ಎಲೆ ಅಳೆದವನಿಗೆ ಇಷ್ಟು ದೊಡ್ಡ ಫಲಕ ಕೊಟ್ಟಿದ್ದೀರಿ. ಸನ್ಮಾನದ ದಿನ ಹೊಗಳಿಕೆಯನ್ನು ಯಾರೂ ಅಳೆಯುವುದಿಲ್ಲ. ನಾನೂ ಹಲವರನ್ನು ಹಾಗೆಯೇ ಹೊಗಳಿದ್ದೇನೆ.

ಕಾರ್ಯದರ್ಶಿಗಳು ನನ್ನ ಮೀಟರನ್ನು ‘ಮಾಂತ್ರಿಕ ಕಣ್ಣು’ ಎಂದರು. ಅದರಲ್ಲೇನು ಮಾಂತ್ರಿಕ? ಬಟ್ಟೆ ಕ್ಲಿಪ್ಪಿನ ಹಾಗೆ ಎಲೆಯನ್ನು ಕಚ್ಚುತ್ತದೆ, ಬೆಳಕು ಹಾಯಿಸುತ್ತದೆ, ಹಸಿರು ಎಷ್ಟಿದೆಯೆಂದು ಅಂಕಿ ತೋರಿಸುತ್ತದೆ. ಹಸಿರು ಇಳಿದರೆ ಗಿಡಕ್ಕೆ ಸಾರಜನಕ ಸಾಲದು. ಆದರೆ ಎಷ್ಟು ಇಳಿದರೆ? ಅದಕ್ಕೇ ಪ್ರತಿ ಹಸಿರುಮನೆಯಲ್ಲೂ ಒಂದು ಹೋಲಿಕೆಯ ಸಾಲು ಇರುತ್ತದೆ. ಅದಕ್ಕೆ ಬೇರೆಯದೇ ಕೊಳವೆಯಲ್ಲಿ ಹೊಟ್ಟೆ ತುಂಬ ಗೊಬ್ಬರ. ಉಳಿದ ಗಿಡಗಳ ಅಂಕಿ ಆ ಸಾಲಿನ ಅಂಕಿಯ ನೂರಕ್ಕೆ ತೊಂಬತ್ತೈದಕ್ಕಿಂತ ಕೆಳಗಿಳಿದರೆ ಮಾತ್ರ ಗೊಬ್ಬರ ಹೆಚ್ಚಿಸಬೇಕು. ಪ್ರತಿ ಸೋಮವಾರ ಆ ಕೊಳವೆಯನ್ನು ಪರೀಕ್ಷಿಸುವುದು ನನ್ನ ಕೆಲಸ.

ಮೀಟರು ಬಂದ ಮೊದಲ ವರ್ಷ ನಾಲ್ಕನೇ ಹಸಿರುಮನೆಯಲ್ಲಿ ಸೌತೆ ಹಾಕಿದ್ದೆವು. ಗೊಬ್ಬರದ ತೊಟ್ಟಿಯ ಉಸ್ತುವಾರಿ ನನ್ನ ಸ್ವಂತ ಅಕ್ಕನದು. ನಾನು ಚೀಟಿಯಲ್ಲಿ ಬರೆದುಕೊಟ್ಟಷ್ಟನ್ನು ತೂಗಿ ಬೆರೆಸುವುದು ಅವಳ ಕೆಲಸ. ನನಗೆ ಇಲ್ಲಿ ಕೆಲಸ ಕೊಡಿಸಿದವಳೂ ಅವಳೇ. ಒಂದು ಬೆಳಿಗ್ಗೆ ಕೈಯೊರೆಸಿಕೊಳ್ಳುತ್ತ ಬಂದು, “ಗಿಡಗಳೆಲ್ಲ ಹಸ್ಕೊಂಡಿವೆ ಕಣೋ. ಚೀಟೀಲಿ ಸ್ವಲ್ಪ ಜಾಸ್ತಿ ಬರಿ” ಅಂದಳು. ನಾನು ಮೀಟರು ತೋರಿಸಿದೆ. ಹೋಲಿಕೆಯ ಸಾಲಿನ ನೂರಕ್ಕೆ ತೊಂಬತ್ತೆಂಟು. “ಅಕ್ಕ, ನಿನ್ನ ಕಣ್ಣಿಗೆ ವಯಸ್ಸಾಯ್ತು” ಅಂದೆ. ಸುತ್ತಲಿದ್ದವರು ನಕ್ಕರು. ಅವಳೂ ನಕ್ಕು, ಚೀಟಿಯಲ್ಲಿದ್ದಷ್ಟನ್ನೇ ತೂಗಿ ಬೆರೆಸಿದಳು.

ಮೂರು ವಾರದಲ್ಲಿ ಬೆಳೆಯೆಲ್ಲ ಹಳದಿ. ಕಿತ್ತುಹಾಕಿದೆವು. ಆಮೇಲೆ ಹೋಲಿಕೆಯ ಸಾಲಿನ ಕೊಳವೆ ಬಿಚ್ಚಿ ನೋಡಿದೆ. ಒಳಗೆ ಗೊಬ್ಬರದ ಉಪ್ಪು ಬಿಳಿಯಾಗಿ ಕಟ್ಟಿಕೊಂಡು ಗೊಬ್ಬರದ ನೀರೇ ಹಾಯುತ್ತಿರಲಿಲ್ಲ. ಹಸಿದ ಗಿಡವನ್ನು ಹಸಿದ ಗಿಡಕ್ಕೆ ಹೋಲಿಸಿದರೆ ತೊಂಬತ್ತೆಂಟಲ್ಲದೆ ಇನ್ನೆಷ್ಟು ಬಂದೀತು? ಆರು ಸೋಮವಾರ ನಾನು ಆ ಕಡೆ ತಲೆಯೇ ಹಾಕಿರಲಿಲ್ಲ. ಹೊಸ ಮೀಟರು ಹಿಡಿದು ಬಂದವರಿಗೆಲ್ಲ ತೋರಿಸುವುದರಲ್ಲೇ ಮುಳುಗಿದ್ದೆ.

ವರದಿ ಬರೆದವನು ನಾನು. ‘ತೊಟ್ಟಿಯಲ್ಲಿ ಬೆರೆಸುವಾಗ ಲೋಪ’ ಎಂದು ಬರೆದೆ. ಇದೇ ಸಭಾಂಗಣದಲ್ಲಿ ಓದಿದೆ. ಅಕ್ಕನನ್ನು ಪ್ಯಾಕಿಂಗಿಗೆ ಹಾಕಿದರು. ಅವತ್ತು ಸಂಜೆ ಮನೆಯಲ್ಲಿ ಅವಳು, “ನಾನೇ ತಪ್ಪು ತೂಗಿದ್ನಾ?” ಎಂದು ನನ್ನನ್ನೇ ಕೇಳಿದಳು. “ಇರಬಹುದು” ಅಂದೆ. ಅಂದಿನಿಂದ ಅವಳು ಸಕ್ಕರೆಯನ್ನೂ ಎರಡು ಸಲ ಅಳೆಯುತ್ತಾಳೆ. ಅದಕ್ಕೂ ಮನೆಮಂದಿಯೆಲ್ಲ ನಗುತ್ತೇವೆ.

ಅಧ್ಯಕ್ಷರೇ, ತಿದ್ದಿದ ವರದಿಯನ್ನು ನಿಮ್ಮ ಮೇಜಿನ ಮೇಲಿಟ್ಟಿದ್ದೇನೆ. ಕ್ರಮ ಏನೇ ಇರಲಿ, ಒಪ್ಪುತ್ತೇನೆ. ನನಗೆ ನಾಚಿಕೆಯಾಗಿದೆ.

ಅಕ್ಕ, ಕೊನೆಯ ಸಾಲಿನಲ್ಲಿ ಕೂತಿದ್ದೀಯ, ಕಾಣುತ್ತಿದೆ. ನೀನು ತೂಗಿದ್ದು ಸರಿಯಾಗಿತ್ತು. ಇದನ್ನು ಮನೆಯಲ್ಲೇ ಹೇಳಬಹುದಿತ್ತು. ಆದರೆ ತಪ್ಪು ನಿನ್ನದೆಂದು ನಾನು ಮೊದಲು ಹೇಳಿದ್ದು ಮನೆಯಲ್ಲಲ್ಲ, ಈ ಮೈಕಿನ ಮುಂದೆ.

ಕೇಳಿಸಿಕೊಂಡ ಎಲ್ಲರಿಗೂ ಕೃತಜ್ಞತೆಗಳು. ಮೊದಲು ಅವಳಿಗೆ, ಆಮೇಲೆ ಸಭೆಗೆ, ನಮಸ್ಕಾರ.