ಅತಿಥಿ ತಂಗಿದ್ದ ಮನೆಯ ವಿಳಾಸ ಹೊರಗೆ ಹೋದ ಬಗ್ಗೆ

ಹೆಸರು: ಮೃಣಾಲಿನಿ ಕೋಂ ಪವನ ಬೆಂಡಿಗೇರಿ. ವಯಸ್ಸು: 46 ವರ್ಷ. ಉದ್ಯೋಗ: ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವ ಮನೆಗಳ ನಿರ್ವಹಣೆ. ವಾಸ: ಹಾನಗಲ್ಲ, ಹಾವೇರಿ ಜಿಲ್ಲೆ.

ನಾನು ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ದಿನಾಂಕ 11-08-2025ರಂದು ಇದೇ ಠಾಣೆಗೆ ನಾನು ಕೊಟ್ಟ ಅರ್ಜಿಯಲ್ಲಿ ಬರೆದದ್ದು ನಿಜವಲ್ಲ. ನಡೆದದ್ದು ಹೀಗಿದೆ.

ಆರು ವರ್ಷಗಳಿಂದ ನಾನು ಬೇರೆಯವರ ಮೂರು ಮನೆಗಳನ್ನು ಬುಕಿಂಗ್ ಸೈಟಿನ ಮೂಲಕ ಅತಿಥಿಗಳಿಗೆ ಕೊಡುತ್ತಿದ್ದೇನೆ. ಈ ಪ್ರಕರಣದ ಮನೆ ಅಕ್ಕಿಆಲೂರು ರಸ್ತೆಯಲ್ಲಿದೆ. ನನ್ನ ಮನೆಯಿಂದ ಅಲ್ಲಿಗೆ ಮೂರು ಕಿಲೋಮೀಟರ್. ಸೈಟಿನವರು ಪ್ರತಿ ಬುಕಿಂಗಿಗೆ ಶೇಕಡಾ ಹದಿನೈದರಷ್ಟು ಶುಲ್ಕ ಹಿಡಿಯುತ್ತಾರೆ. ಅತಿಥಿಯ ಪೂರ್ಣ ಹೆಸರು, ಫೋನ್ ನಂಬರ್ ನಮಗೆ ತೋರಿಸುವುದಿಲ್ಲ. ಸಂದೇಶದಲ್ಲಿ ನಂಬರ್ ಕಂಡರೆ ಅಳಿಸುತ್ತಾರೆ. ಅದಕ್ಕಾಗಿ ನಾನು ನನ್ನ ನಂಬರನ್ನು ಅಂಕಿಯಲ್ಲಿ ಬರೆಯದೆ ಕನ್ನಡ ಅಕ್ಷರಗಳಲ್ಲಿ ಬರೆದು ಕಳಿಸುತ್ತಿದ್ದೆ. ಕರೆ ಮಾಡಿದವರಿಗೆ ಬುಕಿಂಗ್ ರದ್ದು ಮಾಡಿ ನೇರವಾಗಿ ಬರಲು ಹೇಳುತ್ತಿದ್ದೆ. ಇದು ನಿಯಮಕ್ಕೆ ವಿರುದ್ಧವೆಂದು ನನಗೆ ಗೊತ್ತಿತ್ತು.

ದಿನಾಂಕ 08-08-2025ರಂದು ಸಂಪದಾ ಎಂಬ ಹೆಸರಿನಲ್ಲಿ ಐದು ರಾತ್ರಿಗೆ ಬುಕಿಂಗ್ ಬಂತು. ಅವರಿಂದಲೂ ಹಾಗೆಯೇ ರದ್ದು ಮಾಡಿಸಿ, ಆಧಾರ್ ಕಾರ್ಡಿನ ಫೋಟೊವನ್ನು ನನ್ನ ಫೋನಿಗೆ ತರಿಸಿಕೊಂಡೆ. ಫೋಟೊ ಕಳಿಸುವ ಮೊದಲು ಅವರು, ತಾವು ಎಲ್ಲಿದ್ದೇವೆಂದು ಯಾರಿಗೂ ತಿಳಿಯಬಾರದು, ಬುಕಿಂಗ್ ಸೈಟಿನಲ್ಲೇ ಇದ್ದರೆ ಒಳ್ಳೆಯದಲ್ಲವೇ ಎಂದು ಎರಡು ಸಲ ಕೇಳಿದರು. ನಾನು, "ಸೈಟಿನವ್ರು ಹತ್ತು ಕಂಪನಿಗೆ ಹಂಚ್ತಾರವ್ವಾ. ನನ್ನ ಕಡೆ ಬಂದದ್ದು ನನ್ನ ಕಡೇನ ಇರ್ತದ" ಎಂದೆ.

ದಿನಾಂಕ 10-08-2025ರ ಭಾನುವಾರ ಮಧ್ಯಾಹ್ನ ಅವರು ಐದು ವರ್ಷದ ಮಗಳು ಪ್ರಣತಿಯೊಂದಿಗೆ ಬಸ್ಸಿನಲ್ಲಿ ಬಂದರು. ಒಂದೇ ಚೀಲವಿತ್ತು. ಸವಣೂರಿನ ಗಂಡನ ಮನೆ ಬಿಟ್ಟು ಬಂದಿರುವುದಾಗಿಯೂ, ಗುರುವಾರ ಹಾವೇರಿಯಲ್ಲಿ ವಕೀಲರನ್ನು ಕಾಣುವವರೆಗೆ ಇಲ್ಲಿರುವುದಾಗಿಯೂ ತಾವಾಗಿ ಹೇಳಿದರು. ನಾನು ಕೇಳಿರಲಿಲ್ಲ.

ಅದೇ ಸಂಜೆ 7.40ಕ್ಕೆ ನಾನು ಸವಣೂರಿನಲ್ಲಿರುವ ನನ್ನ ತಾಯಿಯ ಚಿಕ್ಕಮ್ಮನ ಮಗಳು ಕೃಷ್ಣಾಬಾಯಿಗೆ ಫೋನ್ ಮಾಡಿದೆ. ಭಾನುವಾರ ಮಾತನಾಡುವುದು ರೂಢಿ. ಮಾತಿನ ನಡುವೆ ನಿಮ್ಮ ಊರಿನ ಹುಡುಗಿಯೊಬ್ಬಳು ನಮ್ಮ ಅಕ್ಕಿಆಲೂರು ರಸ್ತೆಯ ಮನೆಗೆ ಬಂದಿದ್ದಾಳೆ ಎಂದೆ. ನಮ್ಮ ಮಂದಿಯಲ್ಲಿ ಹೊಸ ಹೆಸರು ಬಂದರೆ ಯಾರ ಪೈಕಿ ಎಂದು ಕೇಳದೆ ಬಿಡುವುದಿಲ್ಲ. ಅವರು ಕೇಳಿದರು. ನನಗೂ ತಿಳಿಯಬೇಕೆನಿಸಿತು. ಆಧಾರ್ ಫೋಟೊ ತೆಗೆದು ಗಂಡನ ಹೆಸರು, ಓಣಿಯ ಹೆಸರು ಓದಿದೆ.

ಅವರು, "ಅಯ್ಯ, ಕೌಸ್ತುಭನ ಹೇಂತಿ ಅಲಾ ಆಕಿ! ಮನ್ನೆಯಿಂದ ಹುಡುಕ್ಲಿಕತ್ತಾರ. ನಿನ್ನ ಮನ್ಯಾಗ ಕುಂತಾಳೇನು?" ಎಂದರು.

ಯಾರಿಗೂ ಹೇಳಬೇಡಿ ಎಂದೆ. ಇಡೀ ದಿನ ಊರಿನ ಮನೆಮನೆಯ ಬಾಗಿಲು ಬಡಿದು ಸುದ್ದಿ ಹೇಳುವುದೇ ತನ್ನ ಕೆಲಸವೆಂದು ತಿಳಿದಿರುವೆಯಾ ಎಂದು ಅವರು ನನ್ನನ್ನೇ ಕೆಣಕಿ ನಕ್ಕರು. ನಾನೂ ನಕ್ಕೆ.

ಫೋನ್ ಇಟ್ಟ ಮೇಲೆ ಸಂಪದಾ ಅವರಿಗೆ ತಿಳಿಸಬೇಕೆಂದು ಗಾಡಿಯ ಕೀಲಿ ತೆಗೆದುಕೊಂಡೆ. ನನ್ನ ಇನ್ನೊಂದು ಮನೆ ಊರೊಳಗೆ ಖಾಲಿ ಇತ್ತು. ಅಲ್ಲಿಗೆ ಕರೆದೊಯ್ಯಬಹುದಿತ್ತು. ಆದರೆ ಏಕೆ ಎಂದು ಅವರು ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತ ಕುಳಿತೆ. ಕೃಷ್ಣಾಬಾಯಿ ಹೇಳಲಾರರು ಎಂದು ನಂಬಿದೆನೋ, ನಂಬಿದಂತೆ ಮಾಡಿದೆನೋ, ಈಗ ಹೇಳಲಾರೆ. ಹೋಗಲಿಲ್ಲ.

ದಿನಾಂಕ 11-08-2025ರಂದು ಬೆಳಿಗ್ಗೆ 10.20ಕ್ಕೆ ಆ ಮನೆಯ ಕೆಲಸ ನೋಡಿಕೊಳ್ಳುವ ಭರಮವ್ವ ನನಗೆ ಫೋನ್ ಮಾಡಿ, "ಅವ್ವಾರ, ಕೂಸಿನ್ನ ಎತ್ತಿ ಕಾರಿನ್ಯಾಗ ಹಾಕ್ಕೊಂಡ ಹೋದ್ರಿ. ಆಕಿ ರಸ್ತಾದಾಗ ಬಿದ್ದಾಳ, ಲಗೂನ ಬರ್ರಿ" ಎಂದಳು. ನಾನು ಹತ್ತು ನಿಮಿಷದಲ್ಲಿ ಹೋದೆ. ಕೌಸ್ತುಭ ಮತ್ತು ಅವರ ಅಣ್ಣ ಬಂದು, ಅಂಗಳದಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗಿದ್ದರೆಂದು ಭರಮವ್ವ, ಸಂಪದಾ ಇಬ್ಬರೂ ಹೇಳಿದರು. ಸಂಪದಾ ಅವರು ಕಾರಿನ ಬಾಗಿಲು ಹಿಡಿದಿದ್ದರಿಂದ ಎಡ ಮೊಣಕೈಯ ಚರ್ಮ ಕಿತ್ತು ರಕ್ತ ಬರುತ್ತಿತ್ತು. ಅವರ ಕೈಯಲ್ಲಿ ಮಗುವಿನ ಒಂದು ಚಪ್ಪಲಿ ಇತ್ತು.

ಅವರು ನನ್ನನ್ನು ನೋಡಿ, "ಅಕ್ಕಾ, ನೀವು ಯಾರ ಮುಂದರೆ ಅಂದ್ರೇನ್ರಿ?" ಎಂದು ಕೇಳಿದರು.

ನಾನು ಇಲ್ಲ ಎಂದೆ. ಬುಕಿಂಗ್ ಸೈಟಿನವರೇ ಮಾಹಿತಿ ಹಂಚಿರಬೇಕು ಎಂದೆ. ಅವರು ನಂಬಿದರು. ನನ್ನ ಕೈ ಹಿಡಿದುಕೊಂಡರು. ಅದೇ ಮಧ್ಯಾಹ್ನ ನಾನೇ ಅವರನ್ನು ಠಾಣೆಗೆ ಕರೆತಂದು, ಸೈಟಿನಿಂದ ಅತಿಥಿಯ ಮಾಹಿತಿ ಸೋರಿದೆ ಎಂದು ಎರಡು ಪುಟದ ಅರ್ಜಿ ಬರೆದುಕೊಟ್ಟೆ. ಕಂಪನಿಗೂ ಇಂಗ್ಲಿಷಿನಲ್ಲಿ ದೂರು ಕಳಿಸಿದೆ. ಅದನ್ನು ಚೆನ್ನಾಗಿ ಬರೆದಿದ್ದೆ. ಬುಕಿಂಗ್ ರದ್ದಾಗಿದ್ದರಿಂದ ಸಂಪದಾ ಈ ಮನೆಯಲ್ಲಿರುವುದು ಕಂಪನಿಗೆ ಗೊತ್ತೇ ಇರಲಿಲ್ಲ. ಅವರ ಗುರುತಿನ ವಿವರ ಇದ್ದದ್ದು ನನ್ನ ಫೋನಿನಲ್ಲಿ ಮಾತ್ರ.

ನಿನ್ನೆ ಸಂಜೆ ಕೌಸ್ತುಭ ಅವರ ಕಡೆಯವರು, ಸಂಪದಾ ತಾವಾಗಿ ಫೋನ್ ಮಾಡಿ ವಿಳಾಸ ಕೊಟ್ಟು ಮಗುವನ್ನು ಒಪ್ಪಿಸಿದರು ಎಂದು ಠಾಣೆಗೆ ಬರೆದುಕೊಟ್ಟಿರುವುದಾಗಿ ತಿಳಿಯಿತು. ಬೇರೆ ಯಾರಿಗೂ ವಿಳಾಸ ಗೊತ್ತಿರಲಿಲ್ಲವಾದರೆ ಅವರಿಗೆ ಹೇಗೆ ಸಿಕ್ಕಿತು ಎಂದು ಸಂಪದಾ ಅವರನ್ನು ಕೇಳಲಾಯಿತೆಂದೂ, ಅವರು ನಾನು ಹೇಳಿದ ಸೈಟಿನ ಮಾತನ್ನೇ ಹೇಳಿದರೆಂದೂ ತಿಳಿಯಿತು. ಇಂದು ಬೆಳಿಗ್ಗೆ ಕೃಷ್ಣಾಬಾಯಿಗೆ ಫೋನ್ ಮಾಡಿದೆ. ಭಾನುವಾರ ರಾತ್ರಿಯೇ ಕೌಸ್ತುಭ ಅವರ ಮನೆಗೆ ಹೋಗಿ ತಿಳಿಸಿದ್ದಾಗಿ ಒಪ್ಪಿಕೊಂಡರು. "ಅಪ್ಪನ ಮನಿಗೆ ಕೂಸು ಹೋದ್ರ ತಪ್ಪೇನದ? ನೀನಽ ಹೇಳಿದಿ, ನಾ ಏನು ಕನಸು ಕಂಡಿದ್ನ್ಯಾ?" ಎಂದರು. ಅವರು ಹೇಳಿದ್ದು ಸರಿ.

ಮಗು ಈಗ ಎಲ್ಲಿದೆ ಎಂಬುದು ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಸಂಪದಾ ಯಾರನ್ನೂ ಕರೆಯಲಿಲ್ಲ, ಮಗುವನ್ನು ಒಪ್ಪಿಸಲಿಲ್ಲ. ವಿಳಾಸ ಹೊರಗೆ ಹೋದದ್ದು ನನ್ನಿಂದ. ಕರೆಯ ದಾಖಲೆ ಇರುವ ನನ್ನ ಫೋನನ್ನು ಈ ಹೇಳಿಕೆಯೊಂದಿಗೆ ಹಾಜರುಪಡಿಸಿದ್ದೇನೆ. ಸೈಟಿನ ಮೇಲಿನ ನನ್ನ ಅರ್ಜಿಯನ್ನು ಹಿಂಪಡೆಯುತ್ತೇನೆ.

ಬರೆದದ್ದನ್ನು ನನಗೆ ಓದಿ ಹೇಳಿದಾಗ, ವಿಳಾಸವನ್ನು ಅಚಾತುರ್ಯದಿಂದ ತಿಳಿಸಿದೆನೆಂದು ಒಂದು ಕಡೆ ಇತ್ತು. ಅದನ್ನು ನನ್ನ ಕೋರಿಕೆಯಂತೆ ಹೊಡೆದುಹಾಕಲಾಗಿದೆ. ಸಂಪದಾ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾರೆ. ಅವರಿಗೆ ಇನ್ನೂ ತಿಳಿದಿಲ್ಲ. ಬೇರೆಯವರು ಹೇಳುವುದು ಬೇಡವೆಂದು ವಿನಂತಿಸಿದ್ದೇನೆ, ಸಹಿ ಮಾಡಿದ ಕೂಡಲೇ ಹೋಗಿ ನಾನೇ ಹೇಳುತ್ತೇನೆ.

ಇದರಲ್ಲಿರುವುದೆಲ್ಲ ನಾನು ಹೇಳಿದ್ದೇ, ಹೇಳಿದ್ದೆಲ್ಲ ನಿಜ.

ಸ್ಥಳ: ಹಾನಗಲ್ಲ
ದಿನಾಂಕ: 13-08-2025
ಸಹಿ: ಮೃಣಾಲಿನಿ ಪವನ ಬೆಂಡಿಗೇರಿ