ತೊಟ್ಟಿಲ ಕಡ್ಡಿಗೆ ತಂತಿ ಸುಟ್ಟ ಗೆರೆ

...ಅಲ್ಲ ಕಣ್ರೋ, ಬಣ್ಣ ಮುಟ್ಟದೆ, ಬೆಂಕಿ ಹಚ್ಚದೆ, ಬರೀ ಒಂದು ತಂತೀಲಿ ಮರದ ಮೇಲೆ ಕಪ್ಪು ಗೆರೆ ಎಳೀತೀನಿ ಅಂದ್ರೆ ನೀವು ನಂಬಲ್ಲ. ನಂಬಬೇಡಿ, ನನಗೇನು! ಕುಶಾಲನಗರದಿಂದ ಮೂರ್ನಾಡಿನ ತನಕ ಯಾವ ಮರದ ಶೆಡ್ಡಿಗಾದರೂ ಹೋಗಿ ಕೇಳಿ, ಗೆರೆ ಅಂದ್ರೆ ಯಾರ ಕೈ ಅಂತ. ನಗ್ತೀಯೇನೇ ಪುಟ್ಟಿ? ನಗು. ಲೇತಲ್ಲಿ ಮರದ ಕಡ್ಡಿ ಗಿರ್ರ್ ಅಂತ ತಿರುಗ್ತಾ ಇರುತ್ತೆ, ಉಳಿ ಮೂಲೆ ತಾಗಿಸಿ ಕೂದಲೆಳೆಯಷ್ಟು ಗೀರು ಮಾಡಬೇಕು, ಆ ಗೀರಿಗೆ ತಂತಿ ಕೂರಿಸಿ ಬಿಗಿಯಾಗಿ ಎಳೆದು ಹಿಡೀಬೇಕು. ಉಜ್ಜಿ ಉಜ್ಜಿ ತಂತಿ ಕಾಯುತ್ತೆ, ಹೊಗೆ ಏಳುತ್ತೆ, ಮರ ಅಲ್ಲೇ ಸುಟ್ಟು ಗೆರೆ ಕೂತುಬಿಡುತ್ತೆ. ತಂತಿ ಅಂದ್ರೆ ಅಂಗಡೀದಲ್ಲ ಮತ್ತೆ, ಬೈಕಿನ ಹಳೇ ಕ್ಲಚ್ ಕೇಬಲ್ ಬಿಚ್ಚಿ ತೆಗೆದ ಒಂದು ಎಳೆ. ಎರಡು ತುದಿಗೂ ಮರದ ಹಿಡಿ ಕಟ್ಟಿರಬೇಕು. ಬೆರಳಿಗೆ ಸುತ್ಕೊಂಡ್ರೋ, ಬೆರಳು ಲೇತ್ ಪಾಲು.

ಆದ್ರೆ ಆಗ ನನ್ನನ್ನ ಲೇತ್ ಹತ್ರ ಬಿಡ್ತಾ ಇರಲಿಲ್ಲ. ಪಿಯುಸಿ ಡುಮ್ಕಿ ಹೊಡೆದು ಕುಶಾಲನಗರದ ಮೊಯ್ದು ಮೇಸ್ತ್ರಿ ಶೆಡ್ಡು ಸೇರಿದ್ದೆ. ನನ್ನ ಕೆಲಸ ಉಪ್ಪುಕಾಗದ ಉಜ್ಜೋದು. ಬೆಳಗ್ಗಿಂದ ಸಂಜೆ ತನಕ ಅದೇ. ಊಟಕ್ಕೆ ಕೂತ್ರೆ ಅನ್ನದಲ್ಲೂ ಮರದ ಹುಡಿ. ಬೆರಳ ತುದಿ ಸವೆದು, ಉಪ್ಪಿನಕಾಯಿ ಮುಟ್ಟಿದ್ರೆ ಪ್ರಾಣ ಹೋಗೋದು. ಊರಲ್ಲಿ ಮಾತ್ರ ನಾನು ಲೇತ್ ಮೇಸ್ತ್ರಿ ಅಂತಾನೇ ಹೇಳ್ಕೊಂಡಿದ್ದೆ, ಏನು ಮಾಡೋದು, ನನ್ನ ಬಾಯಿ ಅಂಥದ್ದು. ಮೇಸ್ತ್ರಿ ಮಧ್ಯಾಹ್ನ ನಮಾಜಿಗೆ ಹೋದಾಗ ಮುರಿದ ವಿಕೆಟ್ ಕಡ್ಡಿ ಲೇತಿಗೆ ಕೊಟ್ಟು ತಂತಿ ಹಿಡಿದು ಹಿಡಿದು ಕಲ್ತೆ. ಕಲಿಸಿದವರು ಯಾರೂ ಇಲ್ಲ.

ಜುಲೈ ತಿಂಗಳು. ಜೂನ್ ಇರಬೇಕು. ಅಲ್ಲಲ್ಲ, ಜುಲೈಯೇ, ಜಡಿಮಳೆ. ಅಮ್ಮತ್ತಿ ಕಡೆಯ ಒಂದು ಕೊಡವರ ಮನೆ ಅಜ್ಜಿ ಜೀಪಿಂದ ಇಳಿದು ಬಂದ್ರು. ಮೊಮ್ಮಗನಿಗೆ ಹಲಸಿನ ಮರದ ತೊಟ್ಟಿಲು ಬೇಕು, ಕಡ್ಡಿಗಳಿಗೆ ಕಪ್ಪು ಗೆರೆ ಬೇಕೇ ಬೇಕು, ಬಣ್ಣ ಮಾತ್ರ ಬೇಡ. "ನಾಳೆ ಹಲ್ಲು ಬರೋವಾಗ ಕೂಸು ಕಡ್ಡೀನೇ ಕಚ್ಚೋದು. ಬಣ್ಣ ಹೊಟ್ಟೆಗೆ ಹೋಗ್ತದೆ." ಮೇಸ್ತ್ರಿ ಗಡ್ಡ ತುರಿಸ್ಕೊಂಡ್ರು. "ಅವ್ವಾ, ಮಳೆಗಾಲದಲ್ಲಿ ಮರ ತಂತಿ ಹಿಡಿಯಲ್ಲ. ಮಳೆ ಬಿಡಲಿ." ಅಜ್ಜಿ ಬಿಟ್ಟಾರಾ? "ಈ ಮಳೆ ಬಿಡೋವಾಗ ಕೂಸು ಪೇಟೆಗೆ ನಡ್ಕೊಂಡು ಹೋಗ್ತದೆ ಮೇಸ್ತ್ರಿ!"

ನಾನು ಸುಮ್ನೆ ಇರಬಹುದಿತ್ತು. ಇರ್ತೀನಾ? "ಆಗ್ತದೆ ಅಮ್ಮಾ, ನಾನು ಮಾಡ್ಕೊಡ್ತೀನಿ" ಅಂದುಬಿಟ್ಟೆ. ಜೀಪ್ ಹೋದದ್ದೇ ತಡ, ಮೇಸ್ತ್ರಿ ತಿರುಗಿದ್ರು. ಮಗನೇ ಅನ್ನೋದಕ್ಕೆ ಅವರ ಮಾತಲ್ಲಿ ಮೋನೇ. "ಮೋನೇ, ಶೆಡ್ಡು ನಿಂದಾ ನಂದಾ? ಆಗದಿದ್ರೆ?" "ಆಗದಿದ್ರೆ ಕೆಲಸ ಬಿಡ್ತೀನಿ. ಮಾಡಿ ತೋರಿಸಿದ್ರೆ ಲೇತ್ ನನಗೆ." ಮೇಸ್ತ್ರಿ ಬೀಡಿ ಹಚ್ಚಿದ್ರು.

ಮೇಸ್ತ್ರಿ ಕಡ್ಡಿ ಕಡೆದು ಗೀರು ಹಾಕಿ ಕೊಟ್ರು. ನಾನು ತಂತಿ ಹಿಡಿದೆ. ಎಲ್ಲಿ ಹೊಗೆ? ಮರದೊಳಗೆ ಅಷ್ಟು ಥಂಡಿ, ತಂತಿ ನುಣ್ಣಗೆ ಜಾರ್ತು, ಗೀರು ಸುಡೋ ಬದಲು ಪಾಲಿಶ್ ಆಯ್ತು. ಇನ್ನೂ ಬಿಗಿದೆ, ತಂತಿ ಟಣ್ ಅಂತ ಹರಿದು ಕೆನ್ನೆಗೆ ಬಾರಿಸ್ತು. ಮೇಸ್ತ್ರಿ ನೋಡಿದ್ರು, ಲೇತ್ ಸ್ವಿಚ್ ಆಫ್ ಮಾಡಿ ಹೋದ್ರು. ಬೈದಿದ್ರೇ ವಾಸಿ ಇತ್ತು ಗೊತ್ತಾ.

ಕಡ್ಡಿಗಳನ್ನೆಲ್ಲ ಗೊಬ್ಬರದ ಚೀಲದಲ್ಲಿ ಸುತ್ತಿ ಮನೆಗೆ ಹೊತ್ತೆ. ಒಲೆ ಮೇಲಿನ ಅಟ್ಟ ಇದೆಯಲ್ಲ, ಅವ್ವ ಬಿತ್ತನೆ ಜೋಳ, ಹುಣಸೆಹಣ್ಣು ಇಡೋ ಜಾಗ, ಅಲ್ಲಿ ಒಲೆ ಶಾಖಕ್ಕೆ ಒಣಗಲಿ ಅಂತ ಸಾಲಾಗಿ ಇಟ್ಟೆ. ಅವ್ವ ಸೌಟು ಹಿಡಿದು ಬಂದ್ಲು. "ಏನ್ಲಾ ಇದು? ಹೆಣ್ಣು ನೋಡೋಕೆ ಮುಂಚೆ ತೊಟ್ಟಿಲು ತಂದಿದೀಯ?" ಸಂಗತಿ ಹೇಳ್ದೆ, ಒಂದು ಕಡ್ಡಿ ಬಾಗಿದ್ರೂ ನನ್ನ ಕೆಲಸ ಹೋಯ್ತು ಅಂತ. ಆಮೇಲೆ ನೋಡ್ಬೇಕಿತ್ತು ಅವಳನ್ನ! ಒಂದೇ ಕಡೆ ಶಾಖ ತಾಗಬಾರದು ಅಂತ ಹಪ್ಪಳ ತಿರುವಿದ ಹಾಗೆ ತಿರುವಿದ್ದೇ ತಿರುವಿದ್ದು. ಅಪ್ಪನಿಗೆ ಕಾಫಿ ಕೊಡೋದು ಮರೀತಿದ್ಲು, ಕಡ್ಡಿ ತಿರುವೋದು ಮರೀಲಿಲ್ಲ.

ವಾರಗಟ್ಟಲೆ ಒಣಗಿಸಿ ಇಳಿಸುವಾಗ ಮಸಿ ಹಿಡಿದು ಕಾಗೆ ಹಾಗಿದ್ವು. ಮಸಿ ಉಜ್ಜೋದು ನನಗೆ ಕಷ್ಟವಾ? ಉಜ್ಜಿದೆ, ಒಳಗಿಂದ ಹಲಸಿನ ಹಳದಿ ಬಂತು. ಒಂದೂ ಬಾಗಿರಲಿಲ್ಲ. ಲೇತಿಗೆ ಕೊಟ್ಟು ತಂತಿ ಇಟ್ಟೆ. ಮೊದಲು ಕೀಚ್ ಅಂತು, ಆಮೇಲೆ ಎಳೆಯಷ್ಟು ನೀಲಿ ಹೊಗೆ, ಆಮೇಲೆ ಗೆರೆ! ಕಾಡಿಗೆ ತೀಡಿದ ಹಾಗೆ. ಸುಟ್ಟ ಹುಡಿಯನ್ನ ತೆಂಗಿನ ನಾರಲ್ಲಿ ತಿಕ್ಕಿ ತೆಗೆದು ಕೊಬ್ಬರಿ ಎಣ್ಣೆ ಸವರಿದೆ. ಇಲ್ಲದಿದ್ರೆ ಕೈಗೆ ಕಪ್ಪು ಹತ್ತುತ್ತೆ, ಅದು ನನಗೆ ಮೊದಲೇ ಹೊಳೆದಿತ್ತು.

ಹೊಳೆದದ್ದು ಒಳ್ಳೇದಾಯ್ತು. ತೊಟ್ಟಿಲು ಜೋಡಿಸಿ ಅಮ್ಮತ್ತಿಗೆ ಒಯ್ದು ಅಜ್ಜಿ ಮನೇಲಿ ಇಳಿಸಿದ್ವಿ, ಅಜ್ಜಿ ಬಿಳೀ ಬಟ್ಟೆ ಒದ್ದೆ ಮಾಡ್ಕೊಂಡು ಬಂದು ಗೆರೆ ಮೇಲೆ ತಿಕ್ಕೋಕೆ ಶುರು ಮಾಡಿದ್ರು. ಒಂದು ಕಡ್ಡಿ ಅಲ್ಲ, ಎಲ್ಲಾ ಕಡ್ಡಿ! ಬಟ್ಟೆ ಬೆಳಕಿಗೆ ಹಿಡಿದು ನೋಡಿದ್ರು. ಬೆಳ್ಳಗೇ ಇತ್ತು. "ಮೇಸ್ತ್ರಿ, ನಿಮ್ಮದು ಒಳ್ಳೆಯ ಕೈ" ಅಂದ್ರು. ನಾನು ಕೆಮ್ಮಿದೆ. ಮೇಸ್ತ್ರಿ ನನ್ನ ಕಡೆ ಒಂದು ಸಲ ನೋಡಿ, "ಎಲ್ಲ ಮೇಲಿನವನ ದಯೆ ಅವ್ವಾ" ಅಂದ್ರು. ಅಷ್ಟೇ! ಅಮ್ಮತ್ತಿಯಿಂದ ಕುಶಾಲನಗರದ ತನಕ ಜೀಪಲ್ಲಿ ನಾನು ತುಟಿ ಬಿಚ್ಚಲಿಲ್ಲ, ನಾನು!

ಮಾರನೇ ದಿನ ಹೋಗಿ ಉಪ್ಪುಕಾಗದಕ್ಕೆ ಕೈ ಹಾಕಿದೆ. ಮೇಸ್ತ್ರಿ ಕಿತ್ಕೊಂಡು ತಾವೇ ಉಜ್ಜೋಕೆ ಕೂತ್ರು. "ಏನು ನಿಂತಿದೀಯ ಮೋನೇ? ಹೋಗು, ಸ್ವಿಚ್ ಹಾಕು." ಹೊಗಳೋರು ಯಾರನ್ನ ಬೇಕಾದ್ರೂ ಹೊಗಳಲಿ ಕಣ್ರೋ, ಸಂಜೆಗೆ ಮರೆತುಹೋಗುತ್ತೆ. ನನಗೆ ಲೇತ್ ಕೊಟ್ರು.